ಅರ್ಧ ಡಿಗ್ರಿಯ ಲೆಕ್ಕ

ಕಾಸರಗೋಡಿನ ಹೊಸ ಬಸ್‌ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ, ಮೂರನೆಯ ಮಾಳಿಗೆಯಲ್ಲಿ ನಮ್ಮ ತೆರಿಗೆ ಸಲಹಾ ಕಚೇರಿ. ತಲೆಯ ಮೇಲೆ ಬರೀ ತಾರಸಿ, ಪಶ್ಚಿಮಕ್ಕೆ ಎರಡು ಕಿಟಕಿ, ಒಳಗೆ ಆರು ಮಂದಿ, ಒಂದೂವರೆ ಟನ್ನಿನ ಒಂದೇ ಎಸಿ. ಕಚೇರಿಯ ಮೇಲ್ವಿಚಾರಣೆ ನನ್ನದಾದ್ದರಿಂದ ರಿಮೋಟಿನ ಜಗಳವೂ ನನ್ನ ಮೇಜಿಗೇ ಬರುತ್ತಿತ್ತು.

ಏಪ್ರಿಲಿನಲ್ಲಿ ಕುಂಬಳೆಯಿಂದ ಬೈಕಿನಲ್ಲಿ ಬರುವ ಹುಡುಗ ಹೆಲ್ಮೆಟ್ ಇಡುವ ಮೊದಲೇ ರಿಮೋಟ್ ಎತ್ತಿ 18ಕ್ಕೆ ಇಳಿಸುತ್ತಿದ್ದ. ಹತ್ತು ನಿಮಿಷದಲ್ಲಿ ಲೆಕ್ಕಪತ್ರದ ಚೇಚಿ (ಮಲಯಾಳದಲ್ಲಿ ಅಕ್ಕ) ಸೆರಗನ್ನು ಕಿವಿಯವರೆಗೆ ಎಳೆದುಕೊಂಡು, "ತಣುಕ್ಕುನ್ನು" ಎನ್ನುತ್ತ 27ಕ್ಕೆ ಏರಿಸುತ್ತಿದ್ದರು. ಮತ್ತೊಂದು ಮೂಲೆಯಿಂದ ತುಳುವಿನಲ್ಲಿ "ಸೆಕೆ, ಸೆಕೆ" ಎಂಬ ಗೊಣಗಾಟ. ಸಪ್ತಭಾಷೆಗಳ ನಾಡು ಎಂದು ಭಾಷಣಗಳಲ್ಲಿ ಹೇಳುತ್ತಾರಲ್ಲ, ಅವುಗಳಲ್ಲಿ ಕನಿಷ್ಠ ಮೂರರಲ್ಲಿ ನಮ್ಮ ಎಸಿ ಬೈಗುಳ ತಿಂದಿದೆ.

ಮೊದಲು ನಾನು ಮಾಡಿದ ಬುದ್ಧಿವಂತಿಕೆ ಮತದಾನ. ಹೆಸರು ಬರೆಯದೆ ಬೇಕಾದ ಡಿಗ್ರಿಯನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು. ಬಂದದ್ದು 18, 20, 20, 24, 26, 27. ಸರಾಸರಿ ಇಪ್ಪತ್ತೆರಡೂವರೆ. ನಮ್ಮ ರಿಮೋಟಿನಲ್ಲಿ ಅರ್ಧ ಡಿಗ್ರಿ ಇಲ್ಲವಾದ್ದರಿಂದ 22 ಇಟ್ಟೆ. "ಆ ಅರ್ಧ ಎಲ್ಲಿ ಹೋಯಿತು?" ಎಂದು ಚೇಚಿ ಕೇಳಿದರು. ಮೂವತ್ತು ವರ್ಷ ಲೆಕ್ಕ ಬರೆದವರು, ಕೇಳದೆ ಬಿಡುತ್ತಾರೆಯೇ? ಯಾರೂ ಬೇಡದ ಉಷ್ಣತೆಯನ್ನು ಎಲ್ಲರ ಮೇಲೂ ಹೇರಿದ್ದೇ ಆ ಮತದಾನದ ಫಲ.

ಆಮೇಲೆ ಉಷ್ಣತೆ, ತೇವಾಂಶ ಎರಡನ್ನೂ ತೋರಿಸುವ, ಬೆಂಕಿಪೊಟ್ಟಣದಷ್ಟಿರುವ ಮಾಪಕವೊಂದನ್ನು ತರಿಸಿ ಒಂದು ವಾರ ಮೇಜಿನಿಂದ ಮೇಜಿಗೆ ಇಟ್ಟು ಬರೆದುಕೊಂಡೆ. ರಿಮೋಟಿನಲ್ಲಿ 22 ಇದ್ದಾಗ, ಮಧ್ಯಾಹ್ನ ಮೂರಕ್ಕೆ, ಚೇಚಿಯ ಮೇಜಿನಲ್ಲಿ 21. ಕಿಟಕಿಯ ಪಕ್ಕದ ಹುಡುಗನ ಮೇಜಿನಲ್ಲಿ 28. ಎಸಿಯ ಸಂವೇದಕ ಇರುವುದು ಯಂತ್ರದೊಳಗೆ, ಕೋಣೆಯ ಗಾಳಿಯನ್ನು ಅದು ಮರಳಿ ಹೀರುವ ಜಾಗದಲ್ಲಿ. ಅದು ಅಳೆಯುವುದು ಸೂರಿನ ಬಳಿಯ ಗಾಳಿಯನ್ನು, ಅಲ್ಲಿ ನಮ್ಮಲ್ಲಿ ಯಾರೂ ಕೂರುವುದಿಲ್ಲ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಅವರು ಕೂತಿದ್ದದ್ದು ಬೇರೆ ಬೇರೆ ಹವೆಯಲ್ಲಿ.

ಚೇಚಿಯ ಕುತ್ತಿಗೆಗೇ ಬೀಳುವ ಗಾಳಿಯನ್ನು ತಿರುಗಿಸಲೆಂದು ಹಳೆಯ ಕ್ಯಾಲೆಂಡರಿನ ರಟ್ಟನ್ನು ಎಸಿಯ ಬಾಯಿಗೆ ದಾರದಲ್ಲಿ ಕಟ್ಟಿ ಮೇಲ್ಮುಖವಾಗಿ ಬಾಗಿಸಿದೆ. ತಣ್ಣನೆಯ ಗಾಳಿ ರಟ್ಟಿಗೆ ಬಡಿದು, ಸೂರಿಗೆ ಬಡಿದು, ನೇರ ಯಂತ್ರದ ಮೂಗಿಗೇ ಹೋಯಿತು. ಕೋಣೆ ತಂಪಾಯಿತೆಂದು ನಂಬಿದ ಯಂತ್ರ ಕಂಪ್ರೆಸರ್ ನಿಲ್ಲಿಸಿ ಸುಮ್ಮನಾಯಿತು. ಎರಡು ಗಂಟೆಯ ಹೊತ್ತಿಗೆ ಎಲ್ಲರಿಗೂ ಬೆವರು. ಆರು ಮಂದಿ ಒಂದೇ ಮಾತಿಗೆ ಬಂದದ್ದು ಅದೊಂದೇ ದಿನ, ಬೈಸಿಕೊಂಡವಳು ನಾನು.

ಉಳಿದ ದಾರಿ ಜಾಗ ಬದಲಿಸುವುದು. ಚೇಚಿ ಒಪ್ಪಲಿಲ್ಲ, ಕಡತಗಳ ಕಬ್ಬಿಣದ ಕಪಾಟು ಅವರ ಬೆನ್ನ ಹಿಂದೆ, ಬೀಗದ ಕೈ ಅವರ ಸೊಂಟದಲ್ಲಿ. ಹಾಗಾದರೆ ಕಪಾಟೂ ಹೋಗಲಿ ಎಂದೆ. ಒಂದು ಶನಿವಾರ ಸಂಜೆ ಅದರ ಅಡಿಗೆ ಗೋಣಿ ಹಾಕಿ ನಾಲ್ವರು ಎಳೆದೆವು. ಕಿಟಕಿಗೆ ದಪ್ಪ ಪರದೆ ಬಂತು, ಅಲ್ಲಿಗೆ ಚೇಚಿ, ಗಾಳಿಯ ಬಾಯಿಗೆ ಬೈಕಿನ ಹುಡುಗ. ನೆಲದಲ್ಲಿ ಕಪಾಟಿನ ಕಾಲಿನ ಗೀರು ಈಗಲೂ ಇದೆ. ಜಗಳದ ಮುಕ್ಕಾಲು ಪಾಲು ಆ ಸಂಜೆಯೇ ಮುಗಿಯಿತು.

ಉಳಿದ ಕಾಲು ಪಾಲು ನಾನು. ಆ 18ರ ಚೀಟಿ ಹುಡುಗನದೆಂದೇ ಚೇಚಿ ಇವತ್ತಿಗೂ ನಂಬಿದ್ದಾರೆ. ಅವನು ಬರೆದದ್ದು 20. ಐವತ್ತೊಂದರ ನನಗೆ, ಮುಟ್ಟು ನಿಲ್ಲುವ ಈ ಕಾಲದಲ್ಲಿ, ಕೂತಲ್ಲೇ ಎದೆಯಿಂದ ಕಿವಿಯವರೆಗೆ ಕೆಂಡ ಸುರಿದಂತಾಗುತ್ತದೆ. ಕಚೇರಿಗಳ ಉಷ್ಣತೆಯ ಹಳೆಯ ಲೆಕ್ಕಾಚಾರ ನಿಂತಿರುವುದು ನಲವತ್ತು ವರ್ಷದ, ಎಪ್ಪತ್ತು ಕಿಲೋ ತೂಕದ ಗಂಡಸಿನ ಮೈಯ ಮೇಲೆ ಎಂದು 2015ರಲ್ಲಿ ನೆದರ್‌ಲ್ಯಾಂಡ್ಸಿನ ಇಬ್ಬರು ಸಂಶೋಧಕರು ತೋರಿಸಿದರು. ಹೆಂಗಸರಿಗೆ ಹೆಚ್ಚು ಚಳಿಯಾಗುವುದು ಅದರಿಂದಲೇ ಎಂಬುದು ಅವರ ವಾದ. ಚೇಚಿಯ ಮಟ್ಟಿಗೆ ಅದು ಸರಿಯಿರಬಹುದು, ನನ್ನ ಮೈ ಆ ಪ್ರಬಂಧ ಓದಿಲ್ಲ. ಉಷ್ಣತೆಯ ಹಿತಕ್ಕೆ ಸೂತ್ರ ಕಟ್ಟಿದ ಡೆನ್ಮಾರ್ಕಿನ ಫಾಂಗರ್ ಕೂಡ, ಎಷ್ಟೇ ಸರಿ ಹೊಂದಿಸಿದರೂ ನೂರಕ್ಕೆ ಐವರಿಗೆ ಅಸಮಾಧಾನ ಇದ್ದೇ ಇರುತ್ತದೆ ಎಂದು ಲೆಕ್ಕ ಹಾಕಿದ್ದ. ಆರು ಮಂದಿಯಲ್ಲಿ ಅದು ಒಬ್ಬರ ಮೂರನೆಯ ಒಂದು ಭಾಗವೂ ಆಗುವುದಿಲ್ಲ. ನಮ್ಮಲ್ಲಿ ಮಾತ್ರ ಇಡೀ ಒಬ್ಬಳು.

ನನಗೆ ಪರಿಹಾರವಾದದ್ದು ಸೂರಿನ ಫ್ಯಾನ್. "ಎಸಿ ಇರುವಾಗ ಫ್ಯಾನ್ ಯಾತಕ್ಕೆ?" ಎಂದು ಯಜಮಾನರು ಅದನ್ನು ಮುಟ್ಟಗೊಡುತ್ತಿರಲಿಲ್ಲ. ಅವರಿಗೆ ಹಣದ ಭಾಷೆಯಲ್ಲಿ ಹೇಳಿದೆ: ಒಂದು ಡಿಗ್ರಿ ಏರಿಸಿದರೆ ಸುಮಾರು ನೂರಕ್ಕೆ ಆರರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 2020ರ ಜನವರಿಯಿಂದ ಹೊಸ ಎಸಿಗಳು ಕಾರ್ಖಾನೆಯಿಂದ ಬರುವುದೇ 24ರಲ್ಲಿ. ನಾವು 26ರಲ್ಲಿಟ್ಟು ಎರಡು ಫ್ಯಾನ್‌ಗಳನ್ನು ನಿಧಾನವಾಗಿ ತಿರುಗಿಸಿದರೆ ಬೆವರಿದವರಿಗೆ 24ರ ಹಿತ. ಫ್ಯಾನ್‌ಗಳಿಗೆ ಬೇರೆ ಬೇರೆ ಸ್ವಿಚ್ ಇದ್ದದ್ದು ಪುಣ್ಯ, ಚೇಚಿಯ ಕಡೆಯದು ನಿಂತೇ ಇರುತ್ತದೆ. ರಿಟರ್ನ್‌ಗಳು ಹಾರದಿರಲೆಂದು ಮುಳ್ಳೇರಿಯದ ಕಡೆಯ ಸಹೋದ್ಯೋಗಿ ಪಯಸ್ವಿನಿ ಹೊಳೆಯ ನುಣುಪು ಕಲ್ಲುಗಳನ್ನು ಚೀಲ ತುಂಬ ತಂದು ಹಂಚಿದರು.

ಜೂನ್ ಬಂದಾಗ ಈ ವ್ಯವಸ್ಥೆ ಮುಗ್ಗರಿಸಿತು. ಮಳೆಗೆ ಹೊರಗೇ 26, ಕಂಪ್ರೆಸರ್ ಓಡುವುದೇ ಅಪರೂಪ, ಮಾಪಕದಲ್ಲಿ ತೇವಾಂಶ 80 ದಾಟಿತ್ತು, ಕಡತಗಳಿಗೆ ಬೂಷ್ಟು ಹಿಡಿಯುವ ಲಕ್ಷಣ. ರಿಮೋಟಿನಲ್ಲಿ ನೀರಹನಿಯ ಚಿತ್ರವಿರುವ ಡ್ರೈ ಗುಂಡಿಯನ್ನು ಆರು ವರ್ಷಗಳಲ್ಲಿ ಮೊದಲ ಬಾರಿ ಒತ್ತಿದೆವು. ಮಧ್ಯಾಹ್ನದೊಳಗೆ 65ಕ್ಕೆ ಇಳಿಯಿತು. ಆದರೆ ಒದ್ದೆ ಸೀರೆಯಲ್ಲಿ ಬಸ್ ಇಳಿದು ಬಂದವರಿಗೆ ಆ ಹವೆಯೂ ಚಳಿಯೇ. ಅದಕ್ಕೆಂದು ನನ್ನ ಮೇಜಿನ ಕೆಳಗಿನ ಖಾನೆಯಲ್ಲಿ ನಾಲ್ಕು ಬೈರಾಸು (ಟವೆಲು) ಮಡಚಿಟ್ಟಿದ್ದೇನೆ. ಸೋಮವಾರ ಅವನ್ನು ಮನೆಗೆ ಒಯ್ದು ಒಗೆಯುವ ಸರದಿ ಈ ವಾರ ಹುಡುಗನದು.