ಕ್ಲಿನಿಕ್ ಚೆಕ್ ಮಾಡೋಕೆ ಹೋದ್ರೆ "ಇದ್ಯಾ" ಅಂತ ಕೇಳ್ಬೇಡಿ, "ತೋರ್ಸಿ" ಅನ್ನಿ

ಮೊದಲನೇ ಸಲ ಒಂದು ಡಾಕ್ಟರ್ ಕ್ಲಿನಿಕ್ ಪರಿಶೀಲನೆಗೆ ಹೋದಾಗ ನಾನು ಉದ್ದಕ್ಕೆ ಒಂದು ಚೆಕ್‌ಲಿಸ್ಟ್ ಹಿಡ್ಕೊಂಡು ಆಕ್ಸಿಜನ್ ಇದ್ಯಾ, ರಿಜಿಸ್ಟರ್ ಇದ್ಯಾ, ಕೈ ತೊಳೆಯೋ ನಿಯಮ ಇದ್ಯಾ ಅಂತ ಕೇಳ್ತಾ ಹೋದೆ, ಅವರು ಎಲ್ಲದಕ್ಕೂ ಇದೆ ಇದೆ ಅಂದ್ರು, ನಾನು ಟಿಕ್ ಹಾಕ್ಕೊಂಡು ಬಂದೆ. ದಂಡ. ಯಾಕಂದ್ರೆ ನಿಯಮದ ಫೈಲು ಎಲ್ಲಾ ಕಡೆನೂ ಇರತ್ತೆ, ಪುಸ್ತಕದ ಬದನೆಕಾಯಿ ಥರ. ಈಗ ನಾನು ಮಾಡೋ ರೀತಿ ಹೇಳ್ತೀನಿ.

ಒಳಗೆ ಹೋದ ತಕ್ಷಣ ಲಸಿಕೆ ಇಡೋ ಫ್ರಿಜ್ ಹತ್ರ ಹೋಗಿ. ಒಳಗಿನ ಟೆಂಪರೇಚರ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ಮಧ್ಯೆ ಇರ್ಬೇಕು, ಬಾಗಿಲಲ್ಲಿ ಲಸಿಕೆ ಇಟ್ಟಿರಬಾರ್ದು, ಯಾರದ್ದೋ ಊಟದ ಡಬ್ಬಿ ಅಂತೂ ಇರ್ಲೇಬಾರ್ದು. ಆಮೇಲೆ ಟೆಂಪರೇಚರ್ ಬರೆಯೋ ಹಾಳೆ ನೋಡಿ. ಒಂದು ಕಡೆ ಇಡೀ ತಿಂಗಳು ಒಂದೇ ಪೆನ್ನು, ಒಂದೇ ಕೈಬರಹ, ಪ್ರತಿ ದಿನ 4 ಡಿಗ್ರಿ, ಕ್ಲಿನಿಕ್ ಬಾಗಿಲು ಹಾಕಿದ್ದ ರಜಾ ದಿನನೂ 4 ಡಿಗ್ರಿ! ಸಂತೆ ಹೊತ್ತಿಗೆ ಮೂರು ಮೊಳ ನೇಯ್ದಿದ್ರು ಅಷ್ಟೆ. ನಿಜವಾದ ಹಾಳೆಲಿ ಅಂಕಿ ಸ್ವಲ್ಪ ಹೆಚ್ಚುಕಮ್ಮಿ ಇರತ್ತೆ, ಎಲ್ಲೋ ಒಂದು ದಿನ 9 ಅಂತ ಇದ್ದು ಪಕ್ಕದಲ್ಲಿ ಏನ್ ಮಾಡಿದ್ರು ಅಂತ ಬರೆದಿರತ್ತೆ, ನನಗೆ ಅಂಥ ಹಾಳೆ ಮೇಲೇ ನಂಬಿಕೆ. ಎಲ್ಲರೂ ಬಿಸಿ ಆದ್ರೆ ಲಸಿಕೆ ಕೆಡತ್ತೆ ಅಂತ ಹೆದರ್ತಾರೆ, ಆದ್ರೆ ಹೆಪಟೈಟಿಸ್ ಬಿ, ಟೆಟನಸ್ ಥರದ್ದು ಒಂದು ಸಲ ಹೆಪ್ಪುಗಟ್ಟಿದ್ರೂ ಕೆಲಸಕ್ಕೆ ಬರಲ್ಲ, ಕರಗಿಸಿ ಕೊಡೋ ಹಾಗೂ ಇಲ್ಲ. ಅದಕ್ಕೇ ಫ್ರೀಜರ್ ತಟ್ಟೆಗೆ ಅಂಟ್ಕೊಂಡ ಡಬ್ಬಿ ಕಂಡ್ರೆ ಅಲ್ಲೇ ನಿಂತು ಕೇಳಿ.

ಹಂಗೇ ಟ್ರೀಟ್‌ಮೆಂಟ್ ರೂಮಿಗೆ. ಸೂಜಿ ಹಾಕೋ ಡಬ್ಬ ಮುಕ್ಕಾಲು ತುಂಬಿದ್ರೆ ಮುಚ್ಚಿ ಬದಲಾಯಿಸ್ಬೇಕು, ತುಂಬಿ ಸೂಜಿ ಹೊರಗೆ ಇಣುಕ್ತಿದ್ರೆ ಮುಗೀತು. ಹಲವು ಡೋಸ್ ಬರೋ ಇಂಜೆಕ್ಷನ್ ಬಾಟ್ಲಿ ತೆರೆದಿದ್ರೆ ಅದರ ಮೇಲೆ ತೆರೆದ ತಾರೀಖು ಇರ್ಬೇಕು, ಕಂಪನಿ ಬೇರೆ ಅವಧಿ ಹೇಳಿಲ್ಲ ಅಂದ್ರೆ ಸಾಮಾನ್ಯವಾಗಿ 28 ದಿನ ಅಷ್ಟೇ. ಆಟೋಕ್ಲೇವ್, ಅಂದ್ರೆ ಉಪಕರಣಗಳನ್ನ ಹಬೆಲಿ ಕ್ರಿಮಿ ಸಾಯಿಸೋ ಯಂತ್ರ, ಇದ್ರೆ ಪೊಟ್ಟಣಕ್ಕೆ ಅಂಟಿಸಿದ ಟೇಪ್ ಬಣ್ಣ ತಿರುಗಿದ್ದು ತೋರಿಸಿ ನೋಡಿ ಸ್ಟೆರೈಲ್ ಆಗಿದೆ ಅಂತಾರೆ, ಅದು ಬಿಸಿ ತಾಗಿದೆ ಅಂತ ಹೇಳತ್ತೆ ಅಷ್ಟೇ, ಕ್ರಿಮಿ ಸತ್ತಿದ್ಯಾ ಅಂತ ಅಲ್ಲ, ಬಯಾಲಜಿಕಲ್ ಇಂಡಿಕೇಟರ್ ಟೆಸ್ಟ್ (ಗಟ್ಟಿ ಕ್ರಿಮಿಗಳನ್ನೇ ಒಳಗಿಟ್ಟು ಸತ್ವಾ ಅಂತ ನೋಡೋದು) ಯಾವಾಗ ಮಾಡಿದ್ರು ಅಂತ ರೆಕಾರ್ಡ್ ನೋಡಿ.

ಎಮರ್ಜೆನ್ಸಿಗೆ ನನ್ನ ಹತ್ರ ಒಂದೇ ಆಟ ಇದೆ. "ಈಗ ತಾನೇ ಇಂಜೆಕ್ಷನ್ ತಗೊಂಡವರಿಗೆ ಅಲರ್ಜಿ ಆಗಿ ಉಸಿರು ಕಟ್ತಿದೆ ಅಂದ್ಕೊಳ್ಳಿ, ಅಡ್ರಿನಲಿನ್ ತನ್ನಿ" ಅಂತ ಅಲ್ಲಿರೋ ಯಾವುದಾದ್ರೂ ಸ್ಟಾಫ್‌ಗೆ ಹೇಳಿ ಗಡಿಯಾರ ನೋಡಿ. ಅಡ್ರಿನಲಿನ್ ಅಂದ್ರೆ ಇಂಥ ಅಲರ್ಜಿಗೆ ತಕ್ಷಣ ಕೊಡೋ ಇಂಜೆಕ್ಷನ್. ಒಂದು ಕಡೆ ಕಿಟ್ ಬೀರುವಲ್ಲಿತ್ತು, ಬೀರುಗೆ ಬೀಗ, ಕೀಲಿ ರಜೆ ಹಾಕಿದ್ದ ಸಿಸ್ಟರ್ ಬ್ಯಾಗಲ್ಲಿ. ಕಿಟ್ ಬಂತು ಅಂದ್ರೆ ದೊಡ್ಡವರಿಗೆ ಎಷ್ಟು, ಎಲ್ಲಿ ಅಂತ ಕೇಳಿ: 0.5 ಮಿಲಿಗ್ರಾಂ, ತೊಡೆಯ ಹೊರಭಾಗದ ಸ್ನಾಯುಗೆ. ಆಕ್ಸಿಜನ್ ಸಿಲಿಂಡರ್ ಗೇಜ್, ಡಿಫಿಬ್ರಿಲೇಟರ್ (ಹೃದಯಕ್ಕೆ ಶಾಕ್ ಕೊಡೋ ಯಂತ್ರ) ಪ್ಯಾಡ್ ಎಕ್ಸ್‌ಪೈರಿ ಅಲ್ಲೇ ನೋಡ್ಕೊಂಡ್ಬಿಡಿ.

ಇಷ್ಟೂ ಕಣ್ಣಿಗೆ ಕಾಣೋದು. ಜನಕ್ಕೆ ಜಾಸ್ತಿ ಅಪಾಯ ಆಗೋದು ಕಾಣದೇ ಇರೋ ಜಾಗದಲ್ಲಿ, ಅಂದ್ರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಮಾಹಿತಿ ಹೋಗೋವಾಗ. ಇಲ್ಲಿ ಟೈಮ್ ಕೊಡಿ. ರೆಕಾರ್ಡ್ ನೋಡೋಕೆ ನಿಮಗೆ ಅಧಿಕಾರ ಇದ್ರೆ ಇತ್ತೀಚೆಗೆ ನಾರ್ಮಲ್ ಇಲ್ಲ ಅಂತ ಬಂದ ಒಂದೈದು ಲ್ಯಾಬ್ ರಿಪೋರ್ಟ್ ನೀವೇ ಆರಿಸ್ಕೊಳ್ಳಿ, ಅವರು ಆರಿಸಿ ಕೊಟ್ಟಿದ್ದು ಬೇಡ. ರಿಪೋರ್ಟ್ ಬಂದಿದ್ದು ಯಾವಾಗ, ಡಾಕ್ಟರ್ ನೋಡಿದ್ದು ಯಾವಾಗ, ಪೇಷಂಟ್‌ಗೆ ಯಾರು ಹೇಳಿದ್ರು, ಫೋನ್ ಎತ್ತದಿದ್ರೆ ಏನ್ ಮಾಡಿದ್ರು, ಕೊನೆಗೆ ಆ ಮನುಷ್ಯನಿಗೆ ಚಿಕಿತ್ಸೆ ಶುರು ಆಯ್ತಾ ಅಂತ ಬೆನ್ನು ಹತ್ತಿ. ಡಾಕ್ಟರ್ ರಜೆ ಇದ್ದ ವಾರದ್ದು ಒಂದಾದ್ರೂ ಅದರಲ್ಲಿ ಇರ್ಲಿ, ದಾರ ಕಡಿಯೋದು ಅಲ್ಲೇ. "ನಾವು ಫೋನ್ ಮಾಡ್ಲಿಲ್ಲ ಅಂದ್ರೆ ಎಲ್ಲಾ ಸರಿ ಇದೆ ಅಂತ ಅರ್ಥ" ಅಂತ ಪೇಷಂಟ್‌ಗೆ ಹೇಳೋ ಕ್ಲಿನಿಕ್ ಆದ್ರೆ ನನಗೆ ಅಲ್ಲೇ ಅನುಮಾನ, ಕಳೆದುಹೋದ ರಿಪೋರ್ಟಿಗೂ ಯಾರೂ ಫೋನ್ ಮಾಡಲ್ಲ ಅಲ್ವಾ.

ಇದೇ ಥರ ಹುಷಾರಾಗಿ ನೋಡ್ಕೋಬೇಕಾದ ಮಾತ್ರೆಗಳು. ಕೀಲುವಾತಕ್ಕೆ ಕೊಡೋ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತಗೊಳ್ಳೋದು, ತಪ್ಪಿ ದಿನಾ ತಗೊಂಡು ಸತ್ತವರಿದ್ದಾರೆ, ಅದಕ್ಕೆ ಚೀಟಿಲಿ ವಾರದ ಯಾವ ದಿನ ಅಂತನೂ ಬರೆದಿರ್ಬೇಕು. ಅದನ್ನ ತಗೊಳ್ಳೋರಿಗೆ ರಕ್ತಕಣ, ಲಿವರ್, ಕಿಡ್ನಿ ಟೆಸ್ಟ್ ಆಗ್ತಾ ಇರ್ಬೇಕು, ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ವಾರ್ಫರಿನ್ ತಗೊಳ್ಳೋರಿಗೆ ಐಎನ್ಆರ್, ಅಂದ್ರೆ ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅಂತ ನೋಡೋ ಟೆಸ್ಟ್. ಟೆಸ್ಟ್ ನೋಡದೇ ಮಾತ್ರೆ ಮಾತ್ರ ರಿಪೀಟ್ ಆಗ್ತಿದ್ಯಾ ಅಂತ ಒಂದೆರಡು ಹೆಸರು ತೆಗೆದು ನೋಡಿ.

ಆಮೇಲೆ ಸ್ವಲ್ಪ ಹೊತ್ತು ಸುಮ್ನೆ ವೇಟಿಂಗ್ ಹಾಲಲ್ಲಿ ಕೂತ್ಕೊಳ್ಳಿ. ರಿಸೆಪ್ಷನ್ನಲ್ಲಿ ಒಬ್ಬರ ಕಾಯಿಲೆ ಇಡೀ ಹಾಲಿಗೆ ಕೇಳೋ ಹಾಗೆ ಮಾತಾಡ್ತಾರಾ, ಎದೆ ನೋವು ಅಂದವರನ್ನೂ ಕ್ಯೂನಲ್ಲೇ ಕೂರಿಸ್ತಾರಾ, ಪೇಷಂಟ್ ಕರೆಯೋವಾಗ ಹೆಸರಿನ ಜೊತೆ ಹುಟ್ಟಿದ ತಾರೀಖೂ ಕೇಳ್ತಾರಾ, ಒಂದೇ ಹೆಸರಿನವರು ಇಬ್ಬರು ಇದ್ರೆ ಏನಾಗತ್ತೆ ಅಂತ ಅಲ್ಲೇ ಗೊತ್ತಾಗತ್ತೆ.

ಕೊನೆಗೆ ಡಾಕ್ಟರ್ ಹತ್ರ ಅಲ್ಲ, ನರ್ಸ್ ಅಥವಾ ಕ್ಲರ್ಕ್ ಹತ್ರ ಒಬ್ಬರೇ ಇದ್ದಾಗ ಕೇಳಿ, ಇಲ್ಲಿ ಹೋದ ಸಲ ಆದ ತಪ್ಪು ಏನು, ಆಮೇಲೆ ಏನ್ ಬದಲಾಯ್ತು ಅಂತ. ಆರಾಮಾಗಿ ಹೇಳಿದ್ರೆ ಒಳ್ಳೇ ಜಾಗ. ತಪ್ಪೇ ಆಗಿಲ್ಲ, ದೂರೇ ಬಂದಿಲ್ಲ ಅಂತ ಬಾಗಿಲ ಕಡೆ ನೋಡ್ತಾ ಹೇಳಿದ್ರೆ ಇನ್ನೊಂದೈದು ರಿಪೋರ್ಟ್ ತೆಗೀರಿ.

ಬರೆಯೋವಾಗ ನೋಡಿದ್ದು ಬೇರೆ, ಅವರು ಹೇಳಿದ್ದು ಬೇರೆ ಅಂತ ಇಟ್ಕೊಳ್ಳಿ. ಎಕ್ಸ್‌ಪೈರಿ ಆದ ಅಡ್ರಿನಲಿನ್, ಯಾರೂ ನೋಡದ ಕ್ಯಾನ್ಸರ್ ರಿಪೋರ್ಟ್ ಥರದ್ದು ಸಿಕ್ಕಿದ್ರೆ ಮಾತ್ರ ವರದಿ ಬರೋವರೆಗೂ ಕಾಯಿಸ್ಬೇಡಿ, ಅವತ್ತೇ ಹೊರಡೋಕೆ ಮುಂಚೆ ಡಾಕ್ಟರ್ ಮುಂದೆ ಇಟ್ಟು ಸರಿ ಮಾಡಿಸಿ ಬನ್ನಿ.