ಸಿಬ್ಬಂದಿಗೆ ಇನ್ನೇನು ಬರುತ್ತದೆ? ತಿಳಿದುಕೊಳ್ಳುವ ಬಗೆ

"ನಿಮಗೆ ಇನ್ನೇನು ಬರುತ್ತದೆ?" ಎಂದು ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ಕೇಳಿದರೆ ಸಿಗುವುದು ಮೌನ, ಇಲ್ಲವೇ ರೆಸ್ಯೂಮೆಯಲ್ಲಿ ಆಗಲೇ ಇರುವ ನಾಲ್ಕು ಸಾಲು. ಇದನ್ನು ಬರೀ ಸಂಕೋಚ ಎಂದುಕೊಳ್ಳಬೇಡಿ. ಎಕ್ಸೆಲ್ ಚೆನ್ನಾಗಿ ಗೊತ್ತು ಎಂದು ಒಮ್ಮೆ ಬಾಯಿಬಿಟ್ಟವರ ತಲೆಗೆ ಇಡೀ ಆಫೀಸಿನ ಶೀಟುಗಳು ಕಟ್ಟಿಕೊಳ್ಳುತ್ತವೆ. ಸಂಬಳ ಮಾತ್ರ ಅಷ್ಟೇ. ಅದನ್ನು ನೋಡಿದ ಉಳಿದವರು ಹುಷಾರಾಗುತ್ತಾರೆ. ಆದ್ದರಿಂದ ಕೇಳುವ ಮೊದಲೇ ತೀರ್ಮಾನಿಸಿ: ಹೊಸ ಕೆಲಸ ಒಪ್ಪಿಸಿದರೆ ಈಗಿರುವುದರಲ್ಲಿ ಯಾವುದನ್ನು ಇಳಿಸುತ್ತೀರಿ? ಉತ್ತರವಿಲ್ಲದಿದ್ದರೆ ಈಗಲೇ ಕೇಳದಿರುವುದೇ ಲೇಸು.

ಒಬ್ಬೊಬ್ಬರ ಜೊತೆ 30 ನಿಮಿಷ ಬೇರೆಯಾಗಿ ಕೂತು ಮಾತಾಡಿ. ಅಪ್ರೈಸಲ್ ಜೊತೆ ಇದನ್ನು ಬೆರೆಸಬಾರದು. ಅಲ್ಲಿ ಪ್ರತಿ ಮಾತೂ ಅಂಕದ ಲೆಕ್ಕವಾಗುತ್ತದೆ. ಹಿಂದಿನ ದಿನ ಅವರ ಅರ್ಜಿ, ರೆಸ್ಯೂಮೆ ಓದಿಕೊಳ್ಳಿ. ಕೌಶಲದ ಹೆಸರು ಕೇಳಬೇಡಿ, ಮಾಡಿದ ಕೆಲಸ ಕೇಳಿ:

- ಹಿಂದಿನ ಕೆಲಸದಲ್ಲಿ ಮಾಡುತ್ತಿದ್ದು, ಇಲ್ಲಿ ಮಾಡದೇ ಇರುವುದು ಯಾವುದು?
- ಸಹೋದ್ಯೋಗಿಗಳು ಯಾವುದಕ್ಕೆ ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ?
- ಯಾರೂ ಹೇಳದಿದ್ದರೂ ನೀವೇ ಸರಿಮಾಡಿಟ್ಟದ್ದು ಏನಾದರೂ ಇದೆಯೇ?

ಎರಡನೆಯ ಪ್ರಶ್ನೆಗೆ ಹೆಚ್ಚು ಫಲ. ತನ್ನ ಬಗ್ಗೆ ಹೇಳಿಕೊಳ್ಳಲಾರದವರೂ ಇದಕ್ಕೆ ಸಲೀಸಾಗಿ ಉತ್ತರಿಸುತ್ತಾರೆ. ಮದುವೆ, ಮಕ್ಕಳು, ಆರೋಗ್ಯ, ಧರ್ಮದ ಕಡೆ ಹೋಗಬೇಡಿ. ಅವರಾಗಿಯೇ ಹೇಳಿದರೂ ಬರೆದಿಟ್ಟುಕೊಳ್ಳಬೇಡಿ.

ತಿಳಿದದ್ದನ್ನು ಒಂದು ಶೀಟ್‌ನಲ್ಲಿ ನಾಲ್ಕು ಕಾಲಂ ಮಾಡಿ ಬರೆಯಿರಿ: ಯಾವ ಕೆಲಸ, ಕೊನೆಯ ಸಲ ಮಾಡಿದ್ದು ಯಾವಾಗ, ಎಷ್ಟರ ಮಟ್ಟಿಗೆ, ಇಲ್ಲಿ ಮಾಡಲು ಇಷ್ಟವಿದೆಯೇ. ಮಟ್ಟಕ್ಕೆ 1ರಿಂದ 5ರವರೆಗೆ ಅಂಕ ಹಾಕಿಸಿದರೆ ಕೆಟ್ಟಿತು. ಒಬ್ಬರ 3 ಇನ್ನೊಬ್ಬರ 5ಕ್ಕಿಂತ ಮೇಲಿರಬಹುದು. "ಸಹಾಯ ಬೇಕು, ಒಬ್ಬನೇ ಮಾಡಬಲ್ಲೆ, ಬೇರೆಯವರಿಗೆ ಕಲಿಸಬಲ್ಲೆ" ಎಂಬ ಮೂರು ಮಟ್ಟ ಸಾಕು. ನಾಲ್ಕನೆಯ ಕಾಲಂ ಬಿಡಲೇಬೇಡಿ. ಅಕೌಂಟ್ಸ್ ಬೇಡವೆಂದೇ ಆ ಕೆಲಸ ಬಿಟ್ಟು ಬಂದವರಿಗೆ ಮತ್ತೆ ಲೆಡ್ಜರ್ ಹಿಡಿಸಿದರೆ ಇಲ್ಲಿಂದಲೂ ಹೊರಡುತ್ತಾರೆ. ಬರೆದದ್ದನ್ನು ಅವರಿಗೇ ತೋರಿಸಿ. ಒಪ್ಪಿದ ಸಾಲುಗಳಷ್ಟೇ ಬೇರೆ ಟೀಮಿಗೆ ಕಾಣಲಿ.

ಮುಂದೆ ಪರೀಕ್ಷೆ. ಅರ್ಧ ದಿನದಲ್ಲಿ ಮುಗಿಯುವ, ತಪ್ಪಿದರೂ ಗ್ರಾಹಕರವರೆಗೆ ಹೋಗದ ನಿಜವಾದ ಕೆಲಸ ಕೊಡಿ. ಆ ವಿಷಯ ಬಲ್ಲ ಒಬ್ಬರು ನೋಡಲಿ. ಎರಡು ಮೂರು ವರ್ಷ ಕೈಬಿಟ್ಟ ಸಾಫ್ಟ್‌ವೇರ್ ಆದರೆ ಮೊದಲ ಯತ್ನ ನಿಧಾನವಾಗುವುದು ಸಹಜ. ಅದನ್ನೇ ಹಿಡಿದು "ಬರುವುದಿಲ್ಲ" ಎಂದು ಷರಾ ಬರೆಯಬೇಡಿ.

ಶೀಟ್ ಆರು ತಿಂಗಳಿಗೊಮ್ಮೆ ತಿದ್ದಿದರೆ ಸಾಕು. ಹೊಸದಾಗಿ ಸೇರಿದವರನ್ನು ಮೊದಲ ವಾರವೇ ಕೇಳಬೇಡಿ, ಆಗ ಹುದ್ದೆಗೆ ಬೇಕಾದಷ್ಟನ್ನೇ ಹೇಳುತ್ತಾರೆ. ಮೂರನೆಯ ತಿಂಗಳಲ್ಲಿ ಕೇಳಿ.