ಒಂದೂವರೆ ನಿಮಿಷದ ದೆವ್ವ: ನಮ್ ಹಾರರ್ ಟ್ರೇಲರ್ ಪ್ರಾಜೆಕ್ಟ್ ಕಥೆ

ಫೈನಲ್ ಇಯರ್ ಜರ್ನಲಿಸಂನಲ್ಲಿ ನಮಗೆ ಕೊಟ್ಟಿದ್ದ ಪ್ರಾಜೆಕ್ಟ್ ಇಷ್ಟೇ, ಇಲ್ದೇ ಇರೋ ಒಂದು ಸಿನಿಮಾಗೆ ಒಂದೂವರೆ ನಿಮಿಷದ ಟ್ರೇಲರ್ ಮತ್ತೆ ಎ3 ಸೈಜ್ ಪೋಸ್ಟರ್ ಮಾಡ್ಬೇಕು. ನಾವು ಐದು ಜನ. ಕೈಲಿದ್ದಿದ್ದು ಫ್ರೆಂಡ್ ಒಬ್ಬನ ಕ್ಯಾನನ್ 1500ಡಿ ಕ್ಯಾಮೆರಾ, ಅದರ ಜೊತೆನೇ ಬರೋ 18-55 ಕಿಟ್ ಲೆನ್ಸ್, ಬಾಡಿಗೆಗೆ ತಂದ ಒಂದು ಝೂಮ್ ಎಚ್1ಎನ್ ರೆಕಾರ್ಡರ್. ಹಾರರ್ ಯಾಕೆ ಅಂದ್ರೆ ನಿಜ ಹೇಳ್ಬಿಡ್ತೀನಿ, ಕತ್ಲಲ್ಲಿ ತೆಗೆದ್ರೆ ಆಕ್ಟಿಂಗ್ ಕೆಟ್ಟದಾಗಿದ್ರೂ ಗೊತ್ತಾಗಲ್ಲ ಅನ್ನೋ ಲೆಕ್ಕಾಚಾರ.

ಕಥೆಗೆ ತಲೆ ಕೆಡಿಸ್ಕೊಳ್ಳಲಿಲ್ಲ, 'ನಾಳೆ ಬಾ' ಇತ್ತಲ್ಲ. 90ರ ದಶಕದಲ್ಲಿ ಬೆಂಗಳೂರಲ್ಲೂ ಹಳ್ಳಿಗಳಲ್ಲೂ ಜನ ಬಾಗಿಲ ಮೇಲೆ ಬರೀತಿದ್ದಿದ್ದು, ರಾತ್ರಿ ದೆವ್ವ ಬಂದು ನಿಮ್ಮನೆಯವರದ್ದೇ ದನಿಯಲ್ಲಿ ಕರೆಯುತ್ತೆ, ತೆಗೆದ್ರೆ ಮುಗೀತು, ಬಾಗಿಲ ಮೇಲೆ ನಾಳೆ ಬಾ ಅಂತ ಇದ್ರೆ ಓದ್ಕೊಂಡು ವಾಪಸ್ ಹೋಗುತ್ತೆ, ಮಾರನೇ ದಿನ ಬಂದ್ರೆ ಮತ್ತೆ ಅದೇ ನಾಳೆ ಬಾ. 2018ರ ಹಿಂದಿ ಸಿನಿಮಾ 'ಸ್ತ್ರೀ' ಬಂದ್ಮೇಲೆ ಇದನ್ನ ಹೇಳಿದ್ರೆ ಅಲ್ಲಿಂದ ಕದ್ದಿದ್ದಾ ಅಂತಾರೆ, ನಮ್ಮ ಬಾಗಿಲ ಕಥೆನ ನಾವೇ ಕದ್ದಂಗೆ ಆಯ್ತು, ಇರ್ಲಿ.

ಶೂಟಿಂಗಿಗೆ ಕೆ.ಆರ್. ನಗರದ ಹತ್ರ ಹಳ್ಳಿಯಲ್ಲಿ ಫ್ರೆಂಡ್ ಅಜ್ಜಿಯ ತೊಟ್ಟಿ ಮನೆ ಸಿಕ್ತು. ಎರಡು ಕದದ ದಪ್ಪ ಮರದ ಬಾಗಿಲು, ಎಡಗಡೆ ಕದದ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ', ಬಲಗಡೆ ಕದದ ಮೇಲೆ 'ಬಾ' ಅಂತ ಬರೆದ್ವಿ. ಮೊದಲ ರಾತ್ರಿ ತೆಗೆದಿದ್ದೆಲ್ಲಾ ವೇಸ್ಟ್. ಕಿಟ್ ಲೆನ್ಸಿನ ಕಿಂಡಿ ಪೂರ್ತಿ ತೆಗೆದ್ರೂ ಎಫ್ 3.5, ಬೆಳಕು ಸಾಲಲ್ಲ, ಅದಕ್ಕೆ ಐಎಸ್‌ಒ 6400ಕ್ಕೆ ಏರಿಸಿದ್ವಿ (ಕಡಿಮೆ ಬೆಳಕಲ್ಲೂ ಕಾಣ್ಲಿ ಅಂತ), ಲ್ಯಾಪ್‌ಟಾಪಲ್ಲಿ ನೋಡಿದ್ರೆ ಕಪ್ಪು ಜಾಗದಲ್ಲೆಲ್ಲಾ ಇರುವೆ ಹರಿದಾಡ್ದಂಗೆ ನಾಯ್ಸ್, ಅಂದ್ರೆ ಚುಕ್ಕೆ ಚುಕ್ಕೆ. ಸಾಲದ್ದಕ್ಕೆ ಶಟರ್ 1/60 ಸೆಕೆಂಡಿಗೆ ಇಟ್ಟಿದ್ವಿ, ನಮ್ ಕರೆಂಟ್ 50 ಹರ್ಟ್ಸ್, ಎರಡಕ್ಕೂ ಹೊಂದಲ್ಲ, ಟ್ಯೂಬ್‌ಲೈಟ್ ಕೆಳಗೆ ತೆಗೆದ ಶಾಟಲ್ಲೆಲ್ಲಾ ಪಟ್ಟೆ ಪಟ್ಟೆ ಓಡ್ತಿತ್ತು. ಹಾರರ್ ಅಂದ್ರೆ ಕತ್ಲಲ್ಲಿ ಶೂಟ್ ಮಾಡೋದಲ್ಲ ಅಂತ ಆಗ ಗೊತ್ತಾಯ್ತು. ಎರಡನೇ ದಿನ ಸೂರ್ಯ ಮುಳುಗಿದ ಮೇಲೆ ಆಕಾಶ ನೀಲಿ ಇರೋ ಆ ಇಪ್ಪತ್ತು ನಿಮಿಷದಲ್ಲಿ ಹೊರಗಿನ ಶಾಟ್ ಎಲ್ಲಾ ಓಡೋಡಿ ತೆಗೆದ್ವಿ, ಒಳಗಡೆಗೆ ಶಟರ್ 1/50, ಚೆನ್ನಾಗಿ ಲೈಟ್ ಹಾಕಿ ತೆಗೆದು ಆಮೇಲೆ ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್ ಫ್ರೀ ವರ್ಷನ್ನಲ್ಲಿ ಕತ್ತಲು ಮಾಡಿದ್ವಿ. ಲೈಟ್ ಅಂದ್ರೆ ಎರಡು ಎಲ್‌ಇಡಿ ಟಾರ್ಚು. ಒಂದರ ಮುಂದೆ ಅಜ್ಜಿಯ ರಾಗಿ ಒಂದ್ರಿ ಹಿಡಿದು ಗೋಡೆ ಮೇಲೆ ಬಲೆ ಥರ ನೆರಳು ಬೀಳಿಸಿದ್ವಿ, ಇಡೀ ಟ್ರೇಲರಲ್ಲಿ ನೋಡಕ್ಕೆ ಚೆನ್ನಾಗಿರೋ ಫ್ರೇಮ್ ಅದೇ.

ಫಸ್ಟ್ ಕಟ್ ತೋರ್ಸಿದಾಗ ಕ್ಲಾಸಲ್ಲಿ ಎಲ್ರೂ ನಕ್ರು. ಬಿಳಿ ಸೀರೆ, ವಿಗ್ಗು, ಕಣ್ಣಿಗೆ ಕಾಡಿಗೆ, ಪಾಪ ದೆವ್ವ ಆಗಿದ್ದ ಹುಡುಗಿ ಒಂದೂವರೆ ಗಂಟೆ ಕೂತು ಮೇಕಪ್ ಮಾಡಿಸ್ಕೊಂಡಿದ್ಲು. ದನಿಗೆ ಬೇರೆ ಪಿಚ್ ಇಳಿಸಿ ಮೂರು ಪದರ ರಿವರ್ಬ್ (ಪ್ರತಿಧ್ವನಿ) ಹಾಕಿದ್ದೆ. ನಮ್ ಸರ್ ಒಂದೇ ಮಾತು ಕೇಳಿದ್ರು, "ಏನಪ್ಪಾ, ನಿಮ್ ದೆವ್ವ ಬಾತ್ರೂಮಲ್ಲಿ ನಿಂತು ಕರೀತಿದ್ಯಾ?" ಉರಿದೋಯ್ತು, ಆದ್ರೆ ಅವರು ಹೇಳಿದ್ದು ಸರಿನೇ. ಕಥೆ ಪ್ರಕಾರ ಆ ದನಿ ಮನೆಯವರ ದನಿ, ಅದಕ್ಕೆ ಗೊತ್ತಾಗದೇ ಬಾಗಿಲು ತೆಗೆಯೋದು, ದೆವ್ವದ ಥರ ಕರೆದ್ರೆ ಯಾವನು ತೆಗೀತಾನೆ?

ಸರಿ, ಊರಿಗೆ ಹೋಗಿ ನಮ್ಮಮ್ಮನ್ನ ಕೂರಿಸ್ದೆ. ಮೈಕ್ ನೋಡಿದ ತಕ್ಷಣ ಅಮ್ಮ ಸೀರಿಯಲ್ ಥರ ಎಳೆದು ಎಳೆದು "ಮಗನೇ..." ಅಂತ ಶುರು ಮಾಡಿದ್ರು, ಹತ್ತು ಟೇಕ್ ಆದ್ರೂ ಅದೇ. ಬಿಟ್ಬಿಟ್ಟೆ. ಮಾರನೇ ದಿನ ಅಮ್ಮ ಮಾರ್ಕೆಟ್‌ಗೆ ಹೋಗಿದ್ದಾಗ ರೆಕಾರ್ಡರ್ ಆನ್ ಮಾಡಿ ಬಾಗಿಲ ಪಕ್ಕ ಇಟ್ಟು ಚಿಲಕ ಹಾಕಿ ಒಳಗೆ ಕೂತೆ. ಬಂದ್ರು, ಎರಡು ಸಲ ಬಾಗಿಲು ಬಡಿದ್ರು, "ಬಾಗ್ಲು ತೆಗಿಯೋ, ಕೈ ತುಂಬಾ ಸಾಮಾನಿದೆ." ಅಷ್ಟೇ. ಒಂದು ಎಫೆಕ್ಟೂ ಹಾಕ್ಲಿಲ್ಲ. ಟ್ರೇಲರಲ್ಲಿ ಹುಡುಗ ಓದ್ತಾ ಕೂತಿದ್ದಾನೆ, ಅಡುಗೆಮನೆಯಿಂದ ಕುಕ್ಕರ್ ಕೂಗುತ್ತೆ, ಅಮ್ಮನ ಬಳೆ ಸದ್ದು ಕೇಳುತ್ತೆ, ಅಷ್ಟರಲ್ಲಿ ಹೊರಗಿಂದ ಅದೇ ಅಮ್ಮನ ದನಿ, ಬಾಗ್ಲು ತೆಗಿಯೋ. ಅಲ್ಲಿ ಮ್ಯೂಸಿಕ್ ಪೂರ್ತಿ ತೆಗೆದು ಎರಡು ಸೆಕೆಂಡ್ ಬ್ಲ್ಯಾಕ್. ಬಿಳಿ ಸೀರೆ ಶಾಟ್ ಒಂದೂ ಉಳಿಸ್ಲಿಲ್ಲ, ಹುಡುಗಿ ಒಂದು ವಾರ ನನ್ ಹತ್ರ ಮಾತಾಡ್ಲಿಲ್ಲ. ಇನ್ನೊಂದು ವಿಷ್ಯ, ಅಜ್ಜಿ ಮನೆ ಬಾಗಿಲಿಗೆ ಪ್ರತಿ ತಿಂಗಳು ಹರಳೆಣ್ಣೆ ಬಿಡ್ತಾರಂತೆ, ಕಿರ್ ಅನ್ನೋದೇ ಇಲ್ಲ! ಟ್ರೇಲರಲ್ಲಿ ಕೇಳೋದು ಉಯ್ಯಾಲೆ ಕೊಂಡಿ ಸದ್ದು.

ಪೋಸ್ಟರ್ ಇನ್ನೂ ದೊಡ್ಡ ರಾಮಾಯಣ. ವಿಡಿಯೋದಿಂದ ಒಂದು ಫ್ರೇಮ್ ತೆಗೆದು ಮಾಡಿದ್ರಾಯ್ತು ಅಂದ್ಕೊಂಡಿದ್ವಿ, ಅದು 1920x1080, ಎ3ಗೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) 3508x4961 ಪಿಕ್ಸೆಲ್ ಬೇಕು, ಎಳೆದ್ರೆ ಮುಖ ಎಲ್ಲಾ ರವೆ ರವೆ. 'ಕರೆದದ್ದು ಅಮ್ಮನಲ್ಲ' ಅಂತ ಕೆಳಗೆ ಹಾಕಿದ್ರೆ ಫೋಟೋಶಾಪಲ್ಲಿ ಒತ್ತಕ್ಷರ ಎಲ್ಲಾ ಒಡೆದು 'ಅಮ್‌ಮ' ಅಂತ ಬರ್ತಿತ್ತು (ಪ್ರಿಫರೆನ್ಸಸ್ ಒಳಗೆ ಟೈಪ್‌ನಲ್ಲಿ ವರ್ಲ್ಡ್ ರೆಡಿ ಲೇಔಟ್ ಆನ್ ಮಾಡಿ ರೀಸ್ಟಾರ್ಟ್ ಮಾಡಿದ್ಮೇಲೆ ಸರಿಹೋಯ್ತು, ಇದಕ್ಕೆ ನನ್ನ ಅರ್ಧ ದಿನ ಹೋಯ್ತು). ಟೈಟಲ್‌ಗೆ 'ಬಾಲೂ ತಮ್ಮ' ಅನ್ನೋ ಫಾಂಟ್ ಹಾಕಿ ನೋಡಿದ್ವಿ, ದುಂಡು ದುಂಡಗೆ ಮುದ್ದಾಗಿದೆ, ದೆವ್ವ ಐಸ್‌ಕ್ರೀಮ್ ಮಾರಕ್ಕೆ ಬಂದಂಗಿತ್ತು. ಸ್ಕ್ರೀನ್ ಬ್ರೈಟ್‌ನೆಸ್ ಫುಲ್ ಇಟ್ಕೊಂಡು ಡಿಸೈನ್ ಮಾಡಿದ್ದು ನನ್ನದೇ ತಪ್ಪು, ಪ್ರಿಂಟ್ ಕೈಗೆ ಬಂದಾಗ ಅರ್ಧ ಪೋಸ್ಟರ್ ಬರೀ ಕಪ್ಪು, ರಕ್ತದ ಕೆಂಪು ಸಿಎಮ್‌ವೈಕೆಗೆ (ಪ್ರಿಂಟಿನ ನಾಲ್ಕು ಇಂಕಿಗೆ) ಹೋಗಿ ಇಟ್ಟಿಗೆ ಬಣ್ಣ ಆಗಿತ್ತು.

ಹೊಸದಾಗಿ ಏನಾದ್ರೂ ಸಿಗುತ್ತಾ ಅಂತ ಗ್ರೂಪಲ್ಲಿದ್ದ ಫೋಟೋ ಎಲ್ಲಾ ತಿರುವಿ ಹಾಕ್ತಿದ್ದೆ, ಕಂಟಿನ್ಯೂಟಿಗೆ (ಶಾಟಿಂದ ಶಾಟಿಗೆ ಎಲ್ಲಾ ಹಾಗೇ ಇರ್ಲಿ) ಅಂತ ಮೊಬೈಲಲ್ಲಿ ತೆಗೆದಿದ್ದು. ಒಂದರಲ್ಲಿ ಬೆಳಗ್ಗೆ ಅಜ್ಜಿ ಎಂದಿನಂಗೆ ಒಂದೇ ಕದ ತೆಗೆದಿದ್ದಾರೆ, ಎಡಗಡೇದು. ಅದು ಒಳಗೆ ಹೋಗಿದೆ, ಅಲ್ಲಿ ಬರೀ ಕತ್ತಲು. ಮುಚ್ಚಿರೋ ಬಲಗಡೆ ಕದದ ಮೇಲೆ 'ಬಾ' ಅಂತ ಒಂದೇ ಅಕ್ಷರ. ಮೈ ಜುಮ್ ಅಂತು. ಬಾಗಿಲು ತೆಗೆದ ಕೂಡಲೇ 'ನಾಳೆ' ಹೋಗಿ 'ಬಾ' ಉಳಿಯುತ್ತೆ, ಮೂರು ವಾರದಿಂದ ಕಣ್ಮುಂದೆ ಇತ್ತು, ಐದು ಜನರಲ್ಲಿ ಒಬ್ಬರೂ ನೋಡಿರಲಿಲ್ಲ.

ಆ ಭಾನುವಾರನೇ ಬಸ್ ಹತ್ತಿದ್ವಿ. ಮತ್ತೆ ಬರೆದು, ಕ್ಯಾಮೆರಾನ ಸ್ಟ್ಯಾಂಡ್ ಮೇಲೆ ಉದ್ದಕ್ಕೆ ತಿರುಗಿಸಿ, ಐಎಸ್‌ಒ 100ರಲ್ಲಿ 24 ಮೆಗಾಪಿಕ್ಸೆಲ್ ಸ್ಟಿಲ್. ಫಾಂಟೇ ಬೇಕಾಗ್ಲಿಲ್ಲ, ಸಿನಿಮಾ ಹೆಸರೇ 'ಬಾ' ಅಂತ ಬದಲಾಯಿಸಿದ್ವಿ, ಟ್ರೇಲರ್ ಕೊನೇ ಶಾಟೂ ಅದೇ ಆಯ್ತು. ಈ ಸಲ ಪ್ರಿಂಟ್‌ಗೆ ಕೊಡೋ ಮುಂಚೆ ಎ4ನಲ್ಲಿ ಒಂದು ಟೆಸ್ಟ್ ತೆಗೆಸಿ, ಎರಡು ಸಲ ಬೆಳಕು ಏರಿಸಿದೆ.

ಫೋಟೋ ಮುಗಿಸಿ ಬ್ಯಾಗ್ ಕಟ್ತಿದ್ವಿ, ಅಜ್ಜಿ ಒದ್ದೆ ಬಟ್ಟೆ ತಂದು ನನ್ನ ಕೈಗೆ ಕೊಟ್ರು. "ಅಳಿಸ್ಬಿಟ್ಟು ಹೋಗಪ್ಪ, ರಾತ್ರಿ ಇಲ್ಲಿ ನಾನೊಬ್ಳೇ ಇರೋದು" ಅಂದ್ರು. ನಾನು ಎಡಗಡೆಯಿಂದ 'ನಾಳೆ' ಒರೆಸಕ್ಕೆ ಕೈ ಎತ್ತಿದ್ದೆ, ಅಜ್ಜಿ ಕೈ ಹಿಡ್ಕೊಂಡ್ರು.

"ಮೊದ್ಲು 'ಬಾ' ಅಳ್ಸು."